ಮೊದಲು ಹೇಳಲಿ, ಆಮೇಲೆ ಬರೆಯಲಿ

ಮುಂಬಯಿಯ ಅನೇಕ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ. 'ಬಾಗಿಲು ಹಾಕು', 'ನೀರು ತಾ' ಎಂದರೆ ಎದ್ದು ಮಾಡುತ್ತಾರೆ. ಅದೇ ಮಾತನ್ನು ತಾವು ಹೇಳಬೇಕಾದಾಗ ಮಾತ್ರ ಹಿಂದಿಯೋ ಇಂಗ್ಲಿಷೋ ಬಾಯಿಗೆ ಬರುತ್ತದೆ. ಈ ಕಂದಕ ದಾಟಲು ಮಕ್ಕಳಿಂದಲೇ ಸೂಚನೆ ಕೊಡಿಸುವುದು ಸುಲಭದ ದಾರಿ. ಸೂಚನೆಯ ವಾಕ್ಯ ಚಿಕ್ಕದು. ಅದಕ್ಕೆ ಕರ್ತೃಪದ ಬೇಕಿಲ್ಲ, ಭೂತ-ಭವಿಷ್ಯತ್ ಕಾಲಗಳ ಗೊಡವೆಯಿಲ್ಲ.

ಒಲೆ ಬೇಡದ ಲಿಂಬೆ ಶರಬತ್ತಿನಿಂದ ಆರಂಭಿಸಬಹುದು. ಮಗು ಹೇಳಬೇಕು, ಹಿರಿಯರು ಹೇಳಿದಷ್ಟನ್ನೇ ಮಾಡಬೇಕು. 'ಸಕ್ಕರೆ ಹಾಕು' ಎಂದರೆ ಚಮಚ ಹಿಡಿದು ಸುಮ್ಮನೆ ನಿಲ್ಲಿ. ಎಷ್ಟು, ಯಾವುದಕ್ಕೆ ಎಂಬುದು ಮಗುವಿಗೇ ಹೊಳೆದು, 'ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕು' ಎನ್ನುತ್ತದೆ. ಮೊದಲು, ಆಮೇಲೆ, ಕೊನೆಗೆ ಎಂಬ ಪದಗಳೂ ಹೀಗೆಯೇ ನಾಲಗೆಗೆ ಹತ್ತುತ್ತವೆ. ತಮ್ಮನಿಗೆ 'ಹಾಕು', ಅಜ್ಜಿಗೆ 'ಹಾಕಿರಿ' ಎಂಬ ಮರ್ಯಾದೆಯ ಪಾಠವೂ ಇದರಲ್ಲೇ ಅಡಗಿದೆ.

ಬರವಣಿಗೆ ಎರಡನೆಯ ಮೆಟ್ಟಿಲು. ಐದಾರು ವರ್ಷದವರು ಮೂರು ಚಿತ್ರ ಬಿಡಿಸಿ ಒಂದೊಂದಕ್ಕೂ ಒಂದು ಪದ ಬರೆದರೆ ಸಾಕು. ಏಳೆಂಟು ವರ್ಷದವರು ಸಂಖ್ಯೆ ಹಾಕಿ, ಸಾಲಿಗೊಂದು ಕೆಲಸದಂತೆ ನಾಲ್ಕೈದು ಸಾಲು ಬರೆಯಲಿ. ಇಲ್ಲೊಂದು ಎಚ್ಚರಿಕೆ: 'ಹಿಂಡಿ' ಎಂದರೆ 'ಹಿಂಡಿರಿ' ಎಂದೂ ಆಗುತ್ತದೆ, 'ಹಿಂಡಿದ ಬಳಿಕ' ಎಂದೂ ಆಗುತ್ತದೆ. 'ಲಿಂಬೆ ಹಿಂಡಿ ಸಕ್ಕರೆ ಹಾಕಿ ಕಲಕಿ' ಎಂದು ಒಂದೇ ಉಸಿರಿನಲ್ಲಿ ಬರೆದರೆ ಮೂರು ಕೆಲಸ ಒಂದಾಗಿ ಬಿಡುತ್ತದೆ. 'ಹಿಂಡಿರಿ' ಎಂದು ಬರೆಸಿ, ಪೂರ್ಣವಿರಾಮ ಇಡಿಸಿ. ಬರೆದುದನ್ನು ಇನ್ನೊಂದು ಮಗು ಓದಿ ಶರಬತ್ತು ಮಾಡಲಿ. ರುಚಿಯೇ ಪರೀಕ್ಷೆ, ಕೆಂಪು ಶಾಯಿ ಬೇಕಾಗದು.

ಮನೆಯಲ್ಲಿ ತುಳು, ಕೊಂಕಣಿ ಆಡುವವರಿಗೂ ಇದು ಸಲ್ಲುತ್ತದೆ. ಅಜ್ಜಿ ತಮ್ಮ ಮಾತಿನಲ್ಲಿ ಚೆನ್ನೆಮಣೆ ಆಟ ಹೇಳಿಕೊಡಲಿ, ಮೊಮ್ಮಕ್ಕಳು ಕನ್ನಡದಲ್ಲಿ ಬರೆಯಲಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಇಂಥ ಆಟಗಳ ನಿಯಮ ಎಷ್ಟೋ ಮನೆಗಳಲ್ಲಿ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ. ಅವರಿರುವಾಗಲೇ ಅದು ಕಾಗದಕ್ಕೆ ಇಳಿಯಬೇಕಾಗಿದೆ.

ರವಿವಾರದ ಕನ್ನಡ ತರಗತಿ ನಡೆಸುವ ಸಂಘಗಳು ವರ್ಣಮಾಲೆಯ ಜತೆ ವಾರಕ್ಕೊಂದು ಸೂಚನೆಯ ಪಾಠ ಸೇರಿಸಿದರೆ, ವರ್ಷಾಂತ್ಯಕ್ಕೆ ಮಕ್ಕಳೇ ಬರೆದ ಒಂದು ಪುಟ್ಟ ಕೈಪಿಡಿ ಸಿದ್ಧವಾದೀತು. ವಾರ್ಷಿಕೋತ್ಸವದಲ್ಲಿ ಬಿಡುಗಡೆಗೆ ಇದಕ್ಕಿಂತ ಯೋಗ್ಯವಾದ ಪುಸ್ತಕ ಇನ್ನೇನಿದೆ?