ವಿಮಾನದ ಗಾಳಿ, ಮಳೆಯ ಗಾಳಿ

ಅಂಕಿ-ಅಂಶಗಳ ಮೇಲೆ ಸಂಶೋಧನೆ ನಡೆಸುತ್ತ ಅದಕ್ಕೆ ಬೇಕಾದ ತಂತ್ರಾಂಶವನ್ನೂ ತಾವೇ ಬರೆಯುವವರು ಒಂದೇ ಕ್ಷೇತ್ರದಲ್ಲಿ ಉಳಿಯುವುದು ಅಪರೂಪ. ಇದನ್ನು ಕಂಡು, ಯಾವುದರಲ್ಲೂ ಆಳಕ್ಕಿಳಿಯದವರು ಎಂದು ಭಾವಿಸುವುದುಂಟು. ಆ ಭಾವನೆ ತಪ್ಪು. ಗಾಳಿಗೆ ವಿಮಾನದ ರೆಕ್ಕೆ ಎದುರಾದರೂ ಪಶ್ಚಿಮ ಘಟ್ಟ ಎದುರಾದರೂ ಅದರ ಚಲನೆಯನ್ನು ಹೇಳುವ ಮೂಲ ಸಮೀಕರಣಗಳು ಬದಲಾಗುವುದಿಲ್ಲ. ವಿಜ್ಞಾನಿ ರೊದ್ದಂ ನರಸಿಂಹ (1933–2020) ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, 1961ರಲ್ಲಿ ಕ್ಯಾಲ್‌ಟೆಕ್‌ನಿಂದ ಡಾಕ್ಟರೇಟ್ ಪಡೆದು, ಪ್ರಕ್ಷುಬ್ಧ ಹರಿವಿನ ಅಧ್ಯಯನದಿಂದ ಮುಂಗಾರು ಹಾಗೂ ಮೋಡಗಳ ಅಧ್ಯಯನಕ್ಕೆ ಬಂದದ್ದು ಈ ದಾರಿಯಲ್ಲೇ. ಅವರು ನಿರ್ದೇಶಕರಾಗಿದ್ದಾಗ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ಸಿದ್ಧವಾದ 'ಫ್ಲೋಸಾಲ್ವರ್' ಸಮಾಂತರ ಕಂಪ್ಯೂಟರಿನ ಗುರಿ ದ್ರವ-ಅನಿಲಗಳ ಹರಿವಿನ ಲೆಕ್ಕ. ಮುಂದೆ ಅದೇ ಸರಣಿಯ ಯಂತ್ರಗಳು ಹವಾಮಾನದ ಲೆಕ್ಕವನ್ನೂ ಮಾಡಿದವು.

ಇಂಥ ಕೆಲಸಕ್ಕೆ ಕಂಪ್ಯೂಟರ್ ವಿಜ್ಞಾನದ ಪದವಿಯೇ ಬೇಕು ಎಂಬುದೂ ನಿಜವಲ್ಲ. ಗಣಿತ, ಭೌತವಿಜ್ಞಾನ, ಕೃಷಿ ಓದಿದವರೂ ಇಲ್ಲಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂಗಾರು ತಜ್ಞೆ ಸುಲೋಚನಾ ಗಾಡ್ಗೀಳ್ ಪಾವಗಡದ ರೈತರೊಂದಿಗೆ ಸೇರಿ, ಕಡಲೆಕಾಯಿ ಬಿತ್ತನೆಗೆ ಯಾವ ಹದ ಸರಿ ಎಂಬುದನ್ನು ಕಂಪ್ಯೂಟರಿನ ಬೆಳೆ ಮಾದರಿಯಿಂದ ಪರಿಶೀಲಿಸಿದರು. ಪ್ರಶ್ನೆ ಹುಟ್ಟಿದ್ದು ಹೊಲದಲ್ಲಿ.

ಪ್ರೋಗ್ರಾಂ ಬರೆಯುವುದೇ ಕೆಲಸದ ಬಹುಪಾಲು ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿದೆ. ವಾಸ್ತವದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಅಂಕಿಗಳ ಹಿನ್ನೆಲೆ ತಿಳಿಯಲು. ಮಡಿಕೇರಿ ಬಳಿಯ ಗಾಳಿಬೀಡಿನಂಥ ಊರಿನ ಮಳೆಯನ್ನೇ ನೋಡಬಹುದು. ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ಸರ್ಕಾರಿ ದಾಖಲೆ ಮಿಲಿಮೀಟರಿನಲ್ಲಿರುತ್ತದೆ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ; 2 ಇಂಚು 35 ಸೆಂಟ್ ಎಂದರೆ 59.7 ಮಿ.ಮೀ. ಇಷ್ಟು ಸುಲಭ. ಕಷ್ಟವಿರುವುದು ಬೇರೆಡೆ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ; ಅದು ದಾಖಲಾಗುವುದು ಆ ಮರುದಿನದ ತಾರೀಖಿನಲ್ಲಿ, ಹಾಗಾಗಿ ಇಂದಿನ ತಾರೀಖಿನಲ್ಲಿರುವ ಮಳೆಯ ಹೆಚ್ಚಿನ ಪಾಲು ನಿನ್ನೆಯದು. ಇದನ್ನು ಮರೆತು ಹೊಳೆಯ ನೀರಿನ ಮಟ್ಟದೊಂದಿಗೆ ಹೋಲಿಸಿದರೆ ಲೆಕ್ಕ ಒಂದು ದಿನ ಜಾರುತ್ತದೆ. ಪುಸ್ತಕದಲ್ಲಿನ ಖಾಲಿ ಜಾಗ ಮಳೆಯಿಲ್ಲದ ದಿನವೋ, ಅಳೆಯುವವರು ಊರಲ್ಲಿಲ್ಲದ ದಿನವೋ? ಖಾಲಿಯನ್ನು ಸೊನ್ನೆಯೆಂದು ಓದುವ ಪ್ರೋಗ್ರಾಂ ಮಳೆಗಾಲದ ಆಟಿ ತಿಂಗಳ ನಡುವೆ ಬರಗಾಲ ತೋರಿಸೀತು. ತುಂಬಿದಾಗ ವಾಲಿ ಬರಿದಾಗುವ ಪುಟ್ಟ ಬಟ್ಟಲಿನ ಸ್ವಯಂಚಾಲಿತ ಮಾಪಕವಾದರೋ, ಬಿರುಸಿನ ಮಳೆಯನ್ನು ಕಡಿಮೆ ಎಣಿಸುತ್ತದೆ. ವಾಲುವ ಆ ಗಳಿಗೆಯಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದು. ಕೊಡಗಿನಲ್ಲಿ ಬಿರುಸಿನ ಮಳೆಯೇ ಮುಖ್ಯವಾದ್ದರಿಂದ ಇದು ಸಣ್ಣ ದೋಷವಲ್ಲ. ಈ ಸೂಕ್ಷ್ಮಗಳನ್ನು ಬಲ್ಲವರು ತೋಟದವರು. ಅವರನ್ನು ಕೇಳದೆ ಬರೆದ ಪ್ರೋಗ್ರಾಂ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಂಬಿಕೆಗೆ ಅರ್ಹವಲ್ಲ.

ಕಂಪ್ಯೂಟರ್ ಕೊಟ್ಟ ಉತ್ತರ ತಪ್ಪಾಗದು ಎಂಬುದು ಇನ್ನೊಂದು ಭ್ರಮೆ. ದಶಮಾಂಶದ ನಂತರ ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಮೂಲ ಅಳತೆಯ ದೋಷ ಹೋಗದು. ತಂತ್ರಾಂಶದಲ್ಲೂ ತಪ್ಪಿರಬಹುದು. ಆದ್ದರಿಂದ ಕೈಯಲ್ಲಿ ಬಿಡಿಸಬಹುದಾದ ಸಣ್ಣ ಲೆಕ್ಕವನ್ನು ಮೊದಲು ಕೊಟ್ಟು ತಂತ್ರಾಂಶವನ್ನು ಪರೀಕ್ಷಿಸುತ್ತಾರೆ. ಮಾದರಿ ಕಟ್ಟುವಾಗ ಬಳಸದ ವರ್ಷಗಳ ದಾಖಲೆಯೊಂದಿಗೆ ಹೋಲಿಸುತ್ತಾರೆ. ಅಷ್ಟಾದರೂ ಮಾದರಿಯಲ್ಲಿ ಸೇರಿಸದ ಸಂಗತಿ ಉತ್ತರದಲ್ಲಿ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದಾಗ ಮಳೆ ವಿಪರೀತವಾಗಿತ್ತು. ಆದರೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಮಳೆಯೊಂದನ್ನೇ ಲೆಕ್ಕ ಹಾಕುವ ತಂತ್ರಾಂಶಕ್ಕೆ ಆ ಕಡಿತ ಕಾಣುವುದಿಲ್ಲ. ಸಂಶೋಧಕರೇ ಗುಡ್ಡ ಹತ್ತಿ ಅದನ್ನು ಅಳೆದು ತರಬೇಕು.