ಬಯಲುಸೀಮೆಯ ಮನೆಯಲ್ಲಿ ಹವಳದ ತೊಟ್ಟಿ: ಯಾವ ಉಪಕರಣಕ್ಕೆ ಮೊದಲು ಹಣ?

ಅಕ್ಕಿ ಗಿರಣಿಗೆ ಹೊಸ ಸಾರ್ಟೆಕ್ಸ್ ಯಂತ್ರ ತರುವ ಮುನ್ನ ಗಂಗಾವತಿಯ ಮಾಲೀಕರು ಹತ್ತು ಬಾರಿ ಲೆಕ್ಕ ಹಾಕುತ್ತಾರೆ. ಯಂತ್ರದ ಬೆಲೆ, ಅದು ಎಳೆಯುವ ವಿದ್ಯುತ್ತು, ಕೆಟ್ಟರೆ ದುರಸ್ತಿಗೆ ಬರುವವರು ಯಾರು ಎಂಬುದೆಲ್ಲ ವಿಚಾರಿಸಿದ ನಂತರವೇ ಮುಂಗಡ ಕೊಡುತ್ತಾರೆ. ಅದೇ ಮಾಲೀಕರು ಮನೆಯ ಪಡಸಾಲೆಯಲ್ಲಿಟ್ಟ ಉಪ್ಪುನೀರಿನ ಮೀನಿನ ತೊಟ್ಟಿಗೆ ಮಾತ್ರ ವಿದೇಶಿ ಪಟ್ಟಿ ನೋಡಿ, ಮಗನ ಮಾತು ಕೇಳಿ ಹಣ ಸುರಿಯುವುದುಂಟು. ಹವಳ ಹಾಗೂ ಕಡಲ ಮೀನುಗಳ ಇಂತಹ ತೊಟ್ಟಿ ದುಬಾರಿ ಹವ್ಯಾಸವೇ ಸರಿ. ಆದರೆ ಕಾರವಾರದ ಕಡಲಿನಿಂದ ಮುನ್ನೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಕೊಪ್ಪಳ ಜಿಲ್ಲೆಯಲ್ಲಿ ಅದರ ಖರ್ಚಿನ ಕ್ರಮವು ಮುಂಬಯಿ ಅಥವಾ ಚೆನ್ನೈನ ಕ್ರಮದಂತೆ ಇರಲಾರದು.

ಮೊದಲು ಕಾನೂನಿನ ಮಾತು. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿದವು. 2022ರ ತಿದ್ದುಪಡಿಯ ನಂತರವೂ ಅವು ಅಲ್ಲಿಯೇ ಇವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ್ದಾಗಲಿ, ಲಕ್ಷದ್ವೀಪದ್ದಾಗಲಿ, ಇವುಗಳನ್ನು ಕಿತ್ತು ತರುವುದು, ಮಾರುವುದು ಅಪರಾಧ; ಶಿಕ್ಷೆ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ, ಜೊತೆಗೆ ದಂಡ. ಕಡಲ್ಗುದುರೆಗೂ ಈ ಕಾಯ್ದೆಯ ರಕ್ಷಣೆ ಇದೆ. ಮಾರುವವನು 'ಏನೂ ಆಗುವುದಿಲ್ಲ' ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಆದ್ದರಿಂದ ಮೃದು ಹವಳ ಕೊಳ್ಳುವಾಗಲೂ ಪ್ರಾಣಿಯ ವೈಜ್ಞಾನಿಕ ಹೆಸರು ಮತ್ತು ಮಾರಾಟಗಾರನ ಜಿ.ಎಸ್.ಟಿ. ಸಂಖ್ಯೆ ಇರುವ ಬಿಲ್ಲು, ಆಮದಾಗಿದ್ದರೆ ಅದರ ಪರವಾನಗಿಯ ಪ್ರತಿ, ಇವಿಷ್ಟನ್ನು ಪಡೆದು ಕಡತದಲ್ಲಿಡಬೇಕು.

ಈ ಕಾನೂನು ಖರೀದಿಯ ಪಟ್ಟಿಯನ್ನೇ ಬದಲಿಸುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಿದೇಶಿ ಪಟ್ಟಿಗಳಲ್ಲಿ ಅತ್ಯಂತ ದುಬಾರಿಯಾದ ಕ್ಯಾಲ್ಸಿಯಂ ರಿಯಾಕ್ಟರು, ಹನಿಹನಿಯಾಗಿ ಖನಿಜ ಸೇರಿಸುವ ಡೋಸಿಂಗ್ ಪಂಪು, ಕಣ್ಣು ಕೋರೈಸುವ ದೀಪಗಳು ಬಹುಪಾಲು ಗಟ್ಟಿ ಹವಳಕ್ಕಾಗಿಯೇ ಇರುವಂಥವು. ಅಣಬೆಯಾಕಾರದ ಹಾಗೂ ತೊಗಲಿನಂತಹ ಮೃದು ಹವಳಗಳು ಮತ್ತು ಕ್ಲೌನ್ ಮೀನಿನ ಜೋಡಿ ಇರುವ ತೊಟ್ಟಿಯಲ್ಲಿ ಸುಣ್ಣದಂಶದ ಬಳಕೆ ಅತ್ಯಲ್ಪ. ವಾರಕ್ಕೆ ಹತ್ತನೆಯ ಒಂದು ಪಾಲು ನೀರು ಬದಲಿಸಿದರೆ ಹೊಸ ಉಪ್ಪಿನ ಜೊತೆಗೆ ಅದೂ ಸೇರಿಬಿಡುತ್ತದೆ. 200 ಲೀಟರಿನ ತೊಟ್ಟಿಗೆ ಇದು ವಾರಕ್ಕೆ 20 ಲೀಟರ್ ನೀರು, ಮುಕ್ಕಾಲು ಕಿಲೋದಷ್ಟು ಸಮುದ್ರ ಲವಣ. ಕಿರಾಣಿ ಅಂಗಡಿಯ ಉಪ್ಪು ಇದಕ್ಕೆ ನಡೆಯದು. ಮೆಗ್ನೀಷಿಯಂ, ಕ್ಯಾಲ್ಸಿಯಂ ಮೊದಲಾದವು ತಕ್ಕ ಪ್ರಮಾಣದಲ್ಲಿರುವ ಮಿಶ್ರಣವೇ ಬೇಕು. ಕ್ಲೌನ್ ಮೀನನ್ನು ಸೆರೆಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿರುವುದರಿಂದ ಕಡಲಿನಿಂದ ಹಿಡಿದ ಮೀನನ್ನೇ ತರಬೇಕೆಂದಿಲ್ಲ.

ನೀರೇ ಮೊದಲ ಯಂತ್ರ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಹಾಗೂ ಇತರ ಲವಣಗಳು ಉಳಿದುಕೊಂಡು ಶುದ್ಧ ನೀರಷ್ಟೇ ಹೊರಹೋಗುತ್ತದೆ. ಆ ಕೊರತೆಯನ್ನು ಕೊಳವೆಬಾವಿಯ ನೀರಿನಿಂದ ತುಂಬಿದರೆ ಲವಣದ ಮೇಲೆ ಲವಣ ಜಮೆಯಾಗುತ್ತ ಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 4 ಲೀಟರ್ ಆವಿಯಾಯಿತೆಂದು ಹಿಡಿದರೆ ತಿಂಗಳಿಗೆ 120 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಾದರೆ 240 ಮಿಲಿಗ್ರಾಂ 200 ಲೀಟರಿನಲ್ಲಿ ಸೇರಿ, ಒಂದೇ ತಿಂಗಳಲ್ಲಿ ಲೀಟರಿಗೆ 1.2 ಮಿಲಿಗ್ರಾಂ ಏರಿಕೆ. ಸಮುದ್ರದ ನೀರಿನಲ್ಲಿ ಸಹಜವಾಗಿರುವುದೇ ಸುಮಾರು 1.3. ಅಂದರೆ ತಿಂಗಳೊಪ್ಪತ್ತಿನಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು. ನೈಟ್ರೇಟ್, ಸಿಲಿಕಾ, ಗಡಸುತನಗಳೂ ಇದೇ ದಾರಿ ಹಿಡಿಯುತ್ತವೆ. ಗಾಜಿನ ಮೇಲೆ ಪಾಚಿ ಹಬ್ಬುವುದು ಇದರ ಮೊದಲ ಗುರುತು.

ಹೀಗಾಗಿ ಮೊದಲ ಹಣ ಹೋಗಬೇಕಾದದ್ದು ಆರ್.ಓ. ಘಟಕಕ್ಕೆ, ಅದರ ತುದಿಗೆ ಜೋಡಿಸುವ ಡಿ.ಐ. ರಾಳದ ಕೊಳವೆಗೆ ಮತ್ತು ಕೆಲವು ನೂರು ರೂಪಾಯಿಯ ಟಿ.ಡಿ.ಎಸ್. ಮೀಟರಿಗೆ. ಮನೆಯಲ್ಲಿ ಈಗಾಗಲೇ ಕುಡಿಯುವ ನೀರಿನ ಆರ್.ಓ. ಇದ್ದರೆ ಅದು ರುಚಿಗಾಗಿ ಖನಿಜವನ್ನು ಮರಳಿ ಬೆರೆಸುತ್ತದೆಯೇ ಎಂದು ನೋಡಬೇಕು. ಬೆರೆಸುತ್ತಿದ್ದರೆ ಆ ಹಂತಕ್ಕೆ ಮುನ್ನವೇ ನೀರು ತೆಗೆಯಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು, ಮೀಟರಿನಲ್ಲಿ ಅಳೆದು, ರಾಳದ ಮೂಲಕ ಹಾಯಿಸುವುದು ಇನ್ನೂ ಅಗ್ಗದ ದಾರಿ. ಮನೆಯ ಆರ್.ಓ. ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಹೊರಚೆಲ್ಲುತ್ತದೆ. ಕುಷ್ಟಗಿಯಂತಹ ನೀರಿನ ಬರವಿರುವ ಊರಿನಲ್ಲಿ ಅದನ್ನು ನೆಲ ಒರೆಸಲು, ಪಾಯಖಾನೆಗೆ ಹಿಡಿದಿಡದಿದ್ದರೆ ಅಕ್ಕಪಕ್ಕದವರ ಮುಖ ನೋಡುವುದು ಕಷ್ಟ.

ಚಿಲ್ಲರೋ, ಫ್ಯಾನೋ?

ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕೊಪ್ಪಳದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಚಿಲ್ಲರ್ ಅನಿವಾರ್ಯವೆಂದು ಮಹಾನಗರದ ಅಂಗಡಿಯವರು ಹೇಳುತ್ತಾರೆ. ಕರಾವಳಿಗೆ ಈ ಮಾತು ಸರಿ. 34 ಡಿಗ್ರಿ, ಶೇ. 70 ತೇವಾಂಶವಿರುವ ಮಂಗಳೂರಿನಲ್ಲಿ ಎಷ್ಟೇ ಗಾಳಿ ಬೀಸಿದರೂ ನೀರು 29 ಡಿಗ್ರಿಗಿಂತ ಕೆಳಗೆ ಇಳಿಯದು. ಆದರೆ 40 ಡಿಗ್ರಿ, ಶೇ. 20 ತೇವಾಂಶದ ಬಯಲುಸೀಮೆಯಲ್ಲಿ ಆವಿಯಾಗುವಿಕೆಯ ಕೊನೆಯ ಮಿತಿ 23 ಡಿಗ್ರಿಯ ಆಸುಪಾಸು. ಮಣ್ಣಿನ ಮಡಕೆಯ ನೀರು ತಂಪಾಗುವುದೂ, ಇಲ್ಲಿ ಏರ್ ಕೂಲರ್ ಮಾರಾಟವಾಗುವುದೂ ಇದೇ ಕಾರಣಕ್ಕೆ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್ಟಿಗೆ ಕೊಂಚ ಕಡಿಮೆ ವಿದ್ಯುತ್ತಿಗೆ ಸಮನಾದ ಶಾಖವನ್ನು ಒಯ್ಯುತ್ತದೆ. ನಾಲ್ಕು ಲೀಟರಿಗೆ 2.7 ಯೂನಿಟ್ಟಿನಷ್ಟು. ನೀರಿನ ಮೇಲ್ಮೈಗೆ ಗಾಳಿ ಬೀಸುವ ಎರಡು ಚಿಕ್ಕ ಫ್ಯಾನುಗಳು ಎಳೆಯುವುದು 10 ವಾಟ್. ಆರಿದ ನೀರನ್ನು ತಾನಾಗಿಯೇ ತುಂಬುವ ಫ್ಲೋಟ್ ಸೆನ್ಸರಿನ ಪಂಪು ಮಾತ್ರ ಜೊತೆಗಿರಲೇಬೇಕು, ಇಲ್ಲವಾದರೆ ಉಪ್ಪಿನಂಶ ಏರುತ್ತದೆ. ಮುಚ್ಚಿದ ಎ.ಸಿ. ಕೋಣೆಯಲ್ಲಿ, ಮಳೆಗಾಲದ ಸೆಕೆಯಲ್ಲಿ ಫ್ಯಾನಿನ ಪ್ರಭಾವ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಈಗ ತಿಂಗಳ ಬಿಲ್ಲು. 90 ವಾಟಿನ ಎಲ್.ಇ.ಡಿ. ದೀಪ ದಿನಕ್ಕೆ 9 ಗಂಟೆ ಉರಿದರೆ 24 ಯೂನಿಟ್, ನೀರು ಮರಳಿಸುವ 25 ವಾಟಿನ ಪಂಪು 18, ಅಲೆ ಎಬ್ಬಿಸುವ ಪಂಪು 11, ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್ 9, ಫ್ಯಾನು 7, ಒಟ್ಟು 69. ಫ್ಯಾನಿನ ಬದಲು 200 ವಾಟಿನ ಚಿಲ್ಲರ್ ದಿನಕ್ಕೆ 10 ಗಂಟೆ ಓಡಿದರೆ 7ರ ಜಾಗದಲ್ಲಿ 60 ಬಂದು ಒಟ್ಟು 122. ಮೇಲ್ನೋಟಕ್ಕೆ ವ್ಯತ್ಯಾಸ 53 ಯೂನಿಟ್ ಮಾತ್ರ.

ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಮನೆಯಲ್ಲಿ ಲೆಕ್ಕ ಬೇರೆಯೇ. ತೊಟ್ಟಿ ಬಿಟ್ಟು 120 ಯೂನಿಟ್ ಬಳಸುವ, ಶೇ. 10 ಸೇರಿ 132 ಯೂನಿಟ್ ಉಚಿತವಿರುವ ಕುಟುಂಬ ಫ್ಯಾನು ಇಟ್ಟರೆ ಒಟ್ಟು ಬಳಕೆ 189; ಹಣ ಕಟ್ಟುವುದು 57 ಯೂನಿಟ್ಟಿಗೆ. ಚಿಲ್ಲರ್ ಇಟ್ಟರೆ 242; 200ರ ಗೆರೆ ದಾಟಿದ್ದರಿಂದ ಎಲ್ಲ 242 ಯೂನಿಟ್ಟಿಗೂ ಹಣ. ಯೂನಿಟ್ಟಿಗೆ ಎಲ್ಲ ಸೇರಿ 7 ರೂ. ಎಂದಿಟ್ಟುಕೊಂಡರೆ 399 ರೂ.ಗೆ ಬದಲಾಗಿ 1,694 ರೂ.

ದೀಪದ ವಿಷಯ ಸರಳ. ಹಳೆಯ 250 ವಾಟಿನ ಮೆಟಲ್ ಹಾಲೈಡ್ ಇದ್ದರೆ ತಕ್ಷಣ ಬದಲಿಸಬಹುದು; ತಿಂಗಳಿಗೆ 43 ಯೂನಿಟ್ ಉಳಿಯುವುದಲ್ಲದೆ ನೀರಿಗೆ ಸೇರುವ ಶಾಖವೂ ಇಳಿಯುತ್ತದೆ. ಹಾಲಿ ಎಲ್.ಇ.ಡಿ. ಇದ್ದು ಮೃದು ಹವಳ ಅರಳಿಕೊಂಡಿದ್ದರೆ ಹೊಸ ಮಾದರಿಗೆ ಹಣ ಹಾಕುವುದು ಶೋಕಿ.

ವಿದ್ಯುತ್ ಕಡಿತವೇ ತೊಟ್ಟಿಗೆ ನಿಜವಾದ ಅಪಾಯ. 26 ಡಿಗ್ರಿಯ ಉಪ್ಪುನೀರು ಲೀಟರಿಗೆ 6.7 ಮಿಲಿಗ್ರಾಮಿನಷ್ಟು ಮಾತ್ರ ಆಮ್ಲಜನಕ ಹಿಡಿಯಬಲ್ಲದು, ಬಿಸಿಯೇರಿದಂತೆ ಇನ್ನೂ ಕಡಿಮೆ. ಅಲೆ ನಿಂತು ಕೆಲವು ಗಂಟೆ ಕಳೆದರೆ ವರ್ಷಗಳ ಸಾಕಣೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಮನೆಯಲ್ಲಿ ಹೇಗೂ ಇರುವ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರಿಗೆ ಅಲೆಯ ಪಂಪು ಒಂದನ್ನೇ ಜೋಡಿಸಿದರೆ ಬ್ಯಾಟರಿಯ ಅರ್ಧ ಶಕ್ತಿಯಲ್ಲೇ ಸುಮಾರು ಒಂದು ದಿನ ನಡೆಯುತ್ತದೆ, ಟಿ.ವಿ.ಯನ್ನೂ ಅದರ ಮೇಲೆ ಹೇರಬಾರದಷ್ಟೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ತೊಟ್ಟಿಗೆ ಕೈ ಹಾಕಲೇಬಾರದು. ಮಕ್ಕಳಿರುವ ಮನೆಯಲ್ಲಿ ಇದು ಆರ್.ಓ. ಘಟಕಕ್ಕಿಂತಲೂ ಮೊದಲು.

ಕೊನೆಯದಾಗಿ ಲೆಕ್ಕಪುಸ್ತಕದ ಸಂಗತಿ. ಮನೆಯ ತೊಟ್ಟಿಗೆ ತಂದ ಪಂಪು, ದೀಪಗಳ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಮಾಡಿಸಿ ವ್ಯಾಪಾರದ ಖರ್ಚೆಂದು ತೋರಿಸುವುದು, ಹೂಡುವಳಿ ತೆರಿಗೆ ಜಮೆ ಪಡೆಯುವುದು ನಿಯಮಬಾಹಿರ. ಅಂಗಡಿಯ ಹಣದಿಂದಲೇ ಪಾವತಿಯಾಗಿದ್ದರೆ ಆ ಮೊತ್ತವನ್ನು ಮಾಲೀಕರ ಹಿಂತೆಗೆತ ಖಾತೆಗೆ ಖರ್ಚು ಬರೆಯಬೇಕು.