ತಗಡುಗಳ ನಡುವೆ ಅಡಗಿರುವ ಲಾಭ-ನಷ್ಟ

ಟ್ರಾನ್ಸ್‌ಫಾರ್ಮರಿನ ಒಳಗಿನ ಕೋರನ್ನು ಒಂದೇ ಉಕ್ಕಿನ ಗಟ್ಟಿಯಿಂದ ಮಾಡದೆ, ನೂರಾರು ತೆಳು ತಗಡುಗಳನ್ನು ಜೋಡಿಸಿ ರೂಪಿಸುವುದಕ್ಕೆ ಬಲವಾದ ಕಾರಣವಿದೆ. ಬದಲಾಗುತ್ತಿರುವ ಕಾಂತಕ್ಷೇತ್ರವು ಉಕ್ಕಿನೊಳಗೆ ಸುಳಿ ಪ್ರವಾಹಗಳನ್ನು ಹುಟ್ಟಿಸುತ್ತದೆ. ಅವು ವಿದ್ಯುತ್ತನ್ನು ಶಾಖವಾಗಿಸಿ ವ್ಯರ್ಥಗೊಳಿಸುತ್ತವೆ. ಈ ನಷ್ಟವು ತಗಡಿನ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. 0.50 ಮಿ.ಮೀ. ತಗಡಿಗೆ ಬದಲಾಗಿ ಅದೇ ಗುಣದ 0.35 ಮಿ.ಮೀ. ತಗಡನ್ನು ಬಳಸಿದರೆ ಸುಳಿ ಪ್ರವಾಹದ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದರೆ ತಗಡು ತೆಳುವಾದರಷ್ಟೇ ಸಾಲದು. ಪದರ ಪದರಗಳ ನಡುವಿನ ಲೇಪನವೂ ಅಷ್ಟೇ ಮುಖ್ಯ. ಪ್ರಕೃತಿಯಲ್ಲಿಯೂ ಹೀಗೆಯೇ. ಮುತ್ತಿನ ಚಿಪ್ಪಿನ ಒಳಮೈ ಸುಣ್ಣದಂಶದ ಅತಿ ತೆಳು ಫಲಕಗಳಿಂದಾದುದು. ಆ ಫಲಕಗಳ ನಡುವಿರುವ ಸ್ವಲ್ಪವೇ ಪ್ರೋಟೀನಿನ ಅಂಟು ಬಿರುಕು ನೇರವಾಗಿ ಹರಡದಂತೆ ತಡೆಯುತ್ತದೆ. ಅಲ್ಲಿ ತಡೆಯಬೇಕಾದುದು ಬಿರುಕು, ಇಲ್ಲಿ ವಿದ್ಯುತ್.

ಸ್ಟ್ಯಾಂಪಿಂಗ್ ಘಟಕಗಳು ಗಮನಿಸಬೇಕಾದುದು ಇದನ್ನೇ. ಡೈ ಮೊಂಡಾದಾಗ ತಗಡಿನ ಅಂಚಿನಲ್ಲಿ ಏಳುವ ಮುಳ್ಳು ಪಕ್ಕದ ತಗಡಿನ ಲೇಪನವನ್ನು ಸೀಳಿ ಎರಡನ್ನೂ ಒಂದಾಗಿಸುತ್ತದೆ. ಆಗ ದುಬಾರಿ ಬೆಲೆ ತೆತ್ತು ತಂದ ತೆಳು ತಗಡು ದಪ್ಪ ತಗಡಿನಂತೆಯೇ ವರ್ತಿಸುತ್ತದೆ. ಮೋಟಾರ್ ರಿವೈಂಡಿಂಗ್ ಮಾಡುವವರು ಹಳೆಯ ಸುರುಳಿಯನ್ನು ತೆಗೆಯಲು ನೇರ ಬೆಂಕಿ ಹಚ್ಚಿದರೂ ಈ ಲೇಪನ ಸುಟ್ಟುಹೋಗುವುದು.

ಟ್ರಾನ್ಸ್‌ಫಾರ್ಮರಿಗೆ ಹೊರೆ ಇರಲಿ, ಇಲ್ಲದಿರಲಿ, ಕೋರಿನ ನಷ್ಟ ಹಗಲಿರುಳೂ ನಡೆದೇ ಇರುತ್ತದೆ. ಕೇವಲ 10 ವ್ಯಾಟ್ ಹೆಚ್ಚಿನ ನಷ್ಟವೆಂದರೆ ವರ್ಷಕ್ಕೆ 87.6 ಯೂನಿಟ್. ಪರೀಕ್ಷೆಯಲ್ಲಿ ನಷ್ಟವು ಒಪ್ಪಂದದ ಮಿತಿಯನ್ನು ಮೀರಿದರೆ ಸರಕು ತಿರಸ್ಕೃತವಾಗಿ ಹಿಂದಿರುಗುವುದು.

ಆದುದರಿಂದ ಡೈಯನ್ನು ಸಕಾಲದಲ್ಲಿ ಸಾಣೆ ಹಿಡಿಯುವುದು, ಪಂಚ್ ಮತ್ತು ಡೈಗಳ ನಡುವಿನ ಅಂತರವನ್ನು ತಗಡಿನ ದಪ್ಪಕ್ಕೆ ತಕ್ಕಂತೆ ಇಡುವುದು ಹಾಗೂ ಮುಳ್ಳಿನ ಎತ್ತರವನ್ನು ಅಳೆದು ದಾಖಲಿಸುವುದು ಅವಶ್ಯ. ಖರೀದಿಸುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 3024 ಅಥವಾ ಐಎಸ್ 648 ಮಾನಕಗಳ ಪೈಕಿ ತಮ್ಮ ಉಕ್ಕಿಗೆ ಅನ್ವಯಿಸುವ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ತಗಡು ಅಗ್ಗವಾಗಿ ದೊರೆತರೂ, ಅದರ ಲೇಪನ ಉಳಿದಿರುವ ಭರವಸೆಯಿಲ್ಲ. ಸಾಣೆಯ ಖರ್ಚು ಕಣ್ಣಿಗೆ ಕಾಣುತ್ತದೆ. ಅದನ್ನು ಉಳಿಸಿದ್ದರಿಂದಾಗುವ ನಷ್ಟ ಪರೀಕ್ಷೆಯ ಮೇಜಿನ ಮೇಲಷ್ಟೇ ಕಾಣುತ್ತದೆ.